ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೈಕ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್, ಫೆಡೋರಾ ಹಾಕಿರುವ ಲ್ಯಾಪ್‌ಟಾಪ್‌ಗಳಿಗೆ ಹೊಂದುತ್ತವೆ. ಕಮ್ಯಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಅಡ್ಡಗೆರೆ ಮತ್ತು ಖಾಲಿ ಜಾಗಗಳನ್ನು ಇದ್ದಂತೆಯೇ ಉಳಿಸಿಕೊಂಡು ಟೈಪ್ ಮಾಡಬೇಕು.

ಅವರ ಮಾತು ನನಗೆ ಕೇಳುತ್ತದೆ, ನನ್ನ ಮಾತು ಅವರಿಗೆ ಕೇಳುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಲಿನಕ್ಸ್ ಅಳಿಸಿ ಮತ್ತೆ ಹಾಕುವುದರಿಂದಂತೂ ಬೇಡ. ನಿಮ್ಮ ದನಿ ಆ ಕಡೆಗೆ ಮುಟ್ಟುವಷ್ಟರಲ್ಲಿ ಐದು ಕೈ ದಾಟಿರುತ್ತದೆ: ಮೈಕ್ ಮತ್ತು ಅದರ ಚಿಪ್, ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿರುವ ಆಲ್ಸಾ ಎಂಬ ಧ್ವನಿ ಡ್ರೈವರ್, ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಎಂಬ ಧ್ವನಿ ಸರ್ವರ್, ಬ್ರೌಸರ್, ಕೊನೆಗೆ ಮೀಟಿಂಗ್‌ನ ವೆಬ್‌ಸೈಟ್. ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಸಂಪ್ ನೋಡುತ್ತೇವೆ, ಆಮೇಲೆ ಮೋಟಾರು, ಆಮೇಲೆ ಟ್ಯಾಂಕು. ಇಲ್ಲೂ ಹಾಗೆಯೇ. ಎಲ್ಲಿಯವರೆಗೆ ದನಿ ಬರುತ್ತಿದೆ ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಅದಕ್ಕೂ ಮೊದಲು ಕಣ್ಣಿಗೆ ಕಾಣುವ ಮೂರು ಸಂಗತಿ ನೋಡಿ. ಕೀಬೋರ್ಡಿನಲ್ಲಿ ಗೀಟು ಹಾಕಿದ ಮೈಕಿನ ಚಿತ್ರವಿರುವ ಕೀಲಿ ಇದೆಯೇ? ಥಿಂಕ್‌ಪ್ಯಾಡ್‌ಗಳಲ್ಲಿ ಅದು ಎಫ್4 ಮೇಲಿರುತ್ತದೆ, ದೀಪ ಹೊತ್ತಿದ್ದರೆ ಮೈಕ್ ಬಂದ್. ಫ್ರೇಮ್‌ವರ್ಕ್‌ನಂಥ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೇಲಂಚಿನಲ್ಲಿ ಮೈಕಿಗೇ ಬೇರೆ ಸ್ವಿಚ್ ಇರುತ್ತದೆ. ಅದನ್ನು ಸರಿಸಿದ್ದರೆ ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು. ಮೂರನೆಯದು, ಕ್ಯಾಮೆರಾ ಮುಚ್ಚಲು ಅಂಟಿಸಿದ ಸ್ಟಿಕ್ಕರ್. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕಿನ ತೂತು ಕ್ಯಾಮೆರಾದ ಪಕ್ಕದಲ್ಲೇ ಸೂಜಿಮೊನೆಯಷ್ಟಿರುತ್ತದೆ, ಸ್ಟಿಕ್ಕರ್ ಎರಡನ್ನೂ ಮುಚ್ಚಿಬಿಡುತ್ತದೆ.

ದನಿ ಎಲ್ಲಿಯವರೆಗೆ ಬಂದಿದೆ ಎಂದು ಪತ್ತೆ ಮಾಡುವುದು ಹೇಗೆ?

ಐದು ಸೆಕೆಂಡಿನ ಒಂದು ರೆಕಾರ್ಡಿಂಗ್ ಸಾಕು. ಬ್ರೌಸರ್ ಪೂರ್ತಿ ಮುಚ್ಚಿ, ಟರ್ಮಿನಲ್ ತೆರೆದು ಹೀಗೆ ಕೊಡಿ:

ಎರೆಕಾರ್ಡ್ -ಎಫ್ ಸಿಡಿ -ಡಿ 5 ಟೆಸ್ಟ್.ಡಬ್ಲ್ಯುಎವಿ

‘ರೆಕಾರ್ಡ್’ ಎಂಬ ಇಂಗ್ಲಿಷ್ ಪದದ ಮೊದಲಿಗೆ ‘ಎ’ ಅಂಟಿಸಿದರೆ ಈ ಕಮ್ಯಾಂಡಿನ ಹೆಸರು. ಎಂಟರ್ ಒತ್ತಿ ಒಂದರಿಂದ ಐದರವರೆಗೆ ಎಣಿಸಿ. ಆಮೇಲೆ ಕೇಳಲು:

ಎಪ್ಲೇ ಟೆಸ್ಟ್.ಡಬ್ಲ್ಯುಎವಿ

ಕಮ್ಯಾಂಡೇ ಇಲ್ಲ ಎಂದರೆ ‘ಆಲ್ಸಾ-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ಫೈಲಿನ ಗಾತ್ರ ನೋಡಿ ಮೋಸಹೋಗಬೇಡಿ. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್ ಎಂಬ ಲೆಕ್ಕದಲ್ಲಿ ಐದು ಸೆಕೆಂಡಿಗೆ ಸುಮಾರು 880 ಕಿಲೋಬೈಟ್ ಆಗುತ್ತದೆ. ನೀವು ಮಾತಾಡಿದರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ. ಕಿವಿಕೊಟ್ಟು ಕೇಳಿಯೇ ತೀರ್ಮಾನಿಸಬೇಕು.

ದನಿ ಚೆನ್ನಾಗಿ ಕೇಳಿದರೆ ಮೊದಲ ಮೂರು ಕೈ ಸರಿಯಿವೆ, ತೊಂದರೆ ಬ್ರೌಸರಿನಲ್ಲೋ ವೆಬ್‌ಸೈಟಿನಲ್ಲೋ ಇದೆ. ಕ್ಷೀಣವಾಗಿ ಕೇಳಿದರೆ ಮಟ್ಟ ಏರಿಸಬೇಕು. ಏನೂ ಕೇಳದಿದ್ದರೆ ಆ ಮೊದಲ ಮೂರು ಕೈಗಳಲ್ಲೇ ಹುಡುಕಬೇಕು. ಸಾಧನ ‘ಬ್ಯುಸಿ’ ಎಂಬ ದೂರು ಬಂದರೆ ಬೇರಾವುದೋ ತಂತ್ರಾಂಶ ಮೈಕನ್ನು ಹಿಡಿದು ಕೂತಿದೆ ಎಂದರ್ಥ. ಧ್ವನಿ ಸರ್ವರನ್ನು ಬಿಟ್ಟು ನೇರ ಆಲ್ಸಾಕ್ಕೇ ಕೈಹಾಕಿದ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಹೀಗೆ ಮಾಡುವುದುಂಟು, ಅದನ್ನು ಮುಚ್ಚಿ.

ರೆಕಾರ್ಡಿಂಗ್ ಚೆನ್ನಾಗಿದೆ, ಕಾಲ್‌ನಲ್ಲಿ ಮಾತ್ರ ನಿಶ್ಶಬ್ದ. ಏಕೆ?

ಹೆಚ್ಚಿನ ಸಲ ಬ್ರೌಸರ್ ಬೇರೆ ಮೈಕನ್ನು ಹಿಡಿದಿರುತ್ತದೆ. ಲ್ಯಾಪ್‌ಟಾಪಿಗೆ ಒಂದೇ ಮೈಕ್ ಎಂದು ನಾವು ಅಂದುಕೊಂಡರೂ ವ್ಯವಸ್ಥೆಯ ಲೆಕ್ಕದಲ್ಲಿ ಮೂರ್ನಾಲ್ಕಿರಬಹುದು: ಒಳಗಿನದು, ಹೆಡ್‌ಸೆಟ್ ತೂತಿನದು, ಯುಎಸ್‌ಬಿ ವೆಬ್‌ಕ್ಯಾಮಿನದು, ಬ್ಲೂಟೂತಿನದು. ಟೇಬಲ್ಲಿನ ಹಿಂದೆ ಬಿದ್ದಿರುವ ವೆಬ್‌ಕ್ಯಾಮ್ ನಿಮ್ಮ ಮಾತು ಕೇಳಿಸಿಕೊಳ್ಳುತ್ತಿರಬಹುದು.

ಇದಕ್ಕೆ ‘ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್’ ಹಾಕಿಕೊಳ್ಳಿ, ಪ್ಯಾಕೇಜಿನ ಹೆಸರು ‘ಪಿಎವಿಯು-ಕಂಟ್ರೋಲ್’, ನಡುವೆ ಗೆರೆಯಿಲ್ಲದೆ ಒಂದೇ ಪದ. ಹೆಸರು ನೋಡಿ ಹಳೆಯದೆನ್ನಬೇಡಿ, ಪೈಪ್‌ವೈರ್ ಇದ್ದರೂ ಇದು ಕೆಲಸ ಮಾಡುತ್ತದೆ. ಡೆಸ್ಕ್‌ಟಾಪಿನ ಸ್ವಂತ ಸೆಟ್ಟಿಂಗ್ಸ್ ಪುಟಕ್ಕಿಂತ ಇದರಲ್ಲಿ ಕಾಣುವುದು ಎಷ್ಟೋ ಹೆಚ್ಚು. ಕಾಲ್ ನಡೆಯುತ್ತಿರುವಾಗಲೇ ಇದರ ‘ರೆಕಾರ್ಡಿಂಗ್’ ಟ್ಯಾಬ್ ತೆರೆಯಿರಿ. ಬ್ರೌಸರ್ ಮೈಕ್ ಬಳಸುತ್ತಿದ್ದರೆ ಅಲ್ಲಿ ಅದರ ಹೆಸರಿರುತ್ತದೆ, ಪಕ್ಕದಲ್ಲಿ ಯಾವ ಮೈಕಿನಿಂದ ತೆಗೆದುಕೊಳ್ಳುತ್ತಿದೆ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ ಸರಿಯಾದುದನ್ನು ಆರಿಸಿ, ಕಾಲ್ ಕಡಿಯಬೇಕಿಲ್ಲ. ಬ್ರೌಸರಿನ ಹೆಸರೇ ಅಲ್ಲಿಲ್ಲದಿದ್ದರೆ ಅದು ಮೈಕನ್ನು ಕೇಳಿಯೇ ಇಲ್ಲ, ಅನುಮತಿಯ ಕಡೆ ನೋಡಿ.

ವೆಬ್‌ಸೈಟ್ ಮೈಕಿಗೆ ಅನುಮತಿಯನ್ನೇ ಕೇಳುತ್ತಿಲ್ಲವಲ್ಲ?

ಹಿಂದೊಮ್ಮೆ ಅವಸರದಲ್ಲಿ ‘ಬ್ಲಾಕ್’ ಒತ್ತಿದ್ದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮತ್ತೆ ಕೇಳದೆ ಇರಬಹುದು. ವಿಳಾಸಪಟ್ಟಿಯ ಎಡತುದಿಯಲ್ಲಿರುವ ಬೀಗದ ಅಥವಾ ಸೆಟ್ಟಿಂಗ್ಸ್‌ನ ಗುರುತನ್ನು ಒತ್ತಿ, ಮೈಕಿನ ಮೇಲಿನ ತಡೆ ತೆಗೆದು, ಪುಟವನ್ನು ಮರುಲೋಡ್ ಮಾಡಿ. ವಿಳಾಸ ಎಚ್‌ಟಿಟಿಪಿಎಸ್ ಆಗಿರಲೇಬೇಕು. ಬರೀ ಎಚ್‌ಟಿಟಿಪಿ ಪುಟಕ್ಕೆ ಬ್ರೌಸರ್ ಮೈಕ್ ಕೊಡುವುದಿಲ್ಲ. ಕಚೇರಿಯೊಳಗೇ ಜಿಟ್ಸಿ ಎಂಬ ವಿಡಿಯೋ ಮೀಟಿಂಗ್ ಸರ್ವರ್ ನಡೆಸುವವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ.

ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿದ ಆ್ಯಪ್‌ಗೆ ಬೇರೆ ಅನುಮತಿ ಬೇಕೇ?

ಇವೆರಡೂ ಆ್ಯಪ್‌ಗಳನ್ನು ಬೇಲಿಯೊಳಗಿಟ್ಟು ನಡೆಸುವ ಪ್ಯಾಕೇಜ್ ಪದ್ಧತಿಗಳು. ಸ್ನ್ಯಾಪ್‌ನಲ್ಲಿ ಕೇಳಿಸುವುದಕ್ಕೂ ರೆಕಾರ್ಡ್ ಮಾಡುವುದಕ್ಕೂ ಅನುಮತಿ ಬೇರೆ ಬೇರೆ. ‘ಸ್ನ್ಯಾಪ್ ಕನೆಕ್ಷನ್ಸ್’ ಕಮ್ಯಾಂಡಿನ ಮುಂದೆ ಆ್ಯಪ್‌ನ ಹೆಸರು ಕೊಟ್ಟರೆ ಪಟ್ಟಿ ಬರುತ್ತದೆ. ‘ಆಡಿಯೋ-ರೆಕಾರ್ಡ್’ ಸಾಲಿನಲ್ಲಿ ಬರೀ ಗೆರೆ ಕಂಡರೆ ಜೋಡಣೆಯಾಗಿಲ್ಲ. ಆಗ ‘ಸುಡೋ ಸ್ನ್ಯಾಪ್ ಕನೆಕ್ಟ್’ ಎಂದು ಬರೆದು, ಆ್ಯಪ್‌ನ ಹೆಸರು, ಕೋಲನ್, ‘ಆಡಿಯೋ-ರೆಕಾರ್ಡ್’ ಇಷ್ಟನ್ನೂ ಜಾಗ ಬಿಡದೆ ಸೇರಿಸಿ ಕೊಡಿ. ಫ್ಲ್ಯಾಟ್‌ಪ್ಯಾಕ್‌ನಲ್ಲಿ ‘ಪಲ್ಸ್‌ಆಡಿಯೋ ಸಾಕೆಟ್’ ಎಂಬ ಒಂದೇ ಅನುಮತಿ ಎರಡಕ್ಕೂ ಸಾಕು. ಆ ದಾರಿಯಲ್ಲಿ ಆ್ಯಪ್‌ಗೆ ಸ್ಪೀಕರ್ ಸಿಕ್ಕಿದ್ದರೆ ಮೈಕಿಗೂ ತಡೆಯಿಲ್ಲ, ದೋಷವನ್ನು ಬೇರೆಡೆ ಹುಡುಕಿ. ಅಂದಹಾಗೆ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವೇಲ್ಯಾಂಡ್‌ಗೂ ಮೈಕಿಗೂ ಸಂಬಂಧವಿಲ್ಲ. ಅದು ತೊಡಕಾಗುವುದು ಸ್ಕ್ರೀನ್ ಹಂಚುವಾಗ.

ರೆಕಾರ್ಡಿಂಗ್‌ನಲ್ಲೂ ನಿಶ್ಶಬ್ದ. ಈಗ?

ಆಲ್ಸಾ ಮಟ್ಟಕ್ಕೆ ಇಳಿಯೋಣ. ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ ಕೊಡಿ. ಮೊದಲಿಗೆ ಕಾಣುವುದು ಸಾಮಾನ್ಯವಾಗಿ ಧ್ವನಿ ಸರ್ವರಿನ ಮುಖವಾಡ, ನಿಜವಾದ ಕಾರ್ಡಲ್ಲ. ಎಫ್6 ಒತ್ತಿ ನಿಮ್ಮ ಧ್ವನಿ ಕಾರ್ಡ್ ಆರಿಸಿ, ಆಮೇಲೆ ಎಫ್4 ಒತ್ತಿ ರೆಕಾರ್ಡಿಂಗ್ ಪಟ್ಟಿಗೆ ಹೋಗಿ. ‘ಕ್ಯಾಪ್ಚರ್’ ಕಂಬದ ಕೆಳಗೆ ಕೆಂಪಕ್ಷರದಲ್ಲಿ ಕ್ಯಾಪ್ಚರ್ ಎಂದು ಹೊತ್ತಿರಬೇಕು. ಇಲ್ಲದಿದ್ದರೆ ಸ್ಪೇಸ್‌ಬಾರ್ ಒತ್ತಿ. ಮಟ್ಟವನ್ನು ಮೇಲಿನ ಬಾಣದಿಂದ ಏರಿಸಿ, ಎಸ್ಕೇಪ್ ಒತ್ತಿ ಹೊರಬನ್ನಿ, ಮತ್ತೆ ಐದು ಸೆಕೆಂಡ್ ರೆಕಾರ್ಡ್ ಮಾಡಿ.

ಆಗಲೂ ಏನೂ ಇಲ್ಲವೇ? ಬಯಾಸ್‌ಗೆ, ಎಂದರೆ ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್‌ಗೆ, ಹೋಗಿ ನೋಡಿ. ಥಿಂಕ್‌ಪ್ಯಾಡ್‌ಗಳ ‘ಸೆಕ್ಯೂರಿಟಿ’ ವಿಭಾಗದಲ್ಲಿಯೂ ಡೆಲ್‌ನ ಹಲವು ಮಾದರಿಗಳ ‘ಆಡಿಯೋ’ ವಿಭಾಗದಲ್ಲಿಯೂ ಮೈಕನ್ನು ಪೂರ್ತಿ ಬಂದ್ ಮಾಡುವ ಆಯ್ಕೆ ಇರುತ್ತದೆ. ಕಂಪನಿಗಳಿಂದ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ಆದರೆ ಇದನ್ನು ತಪ್ಪದೆ ನೋಡಬೇಕು.

ಪಟ್ಟಿಯಲ್ಲಿ ಮೈಕೇ ಇಲ್ಲ. ಸ್ಪೀಕರ್ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿದೆ.

‘ಎರೆಕಾರ್ಡ್ -ಎಲ್’ ಕೊಟ್ಟಾಗ ಸಾಧನಗಳ ಪಟ್ಟಿ ಬರಬೇಕು. ಒಳಗಿನ ಮೈಕ್ ಅದರಲ್ಲಿಲ್ಲದಿದ್ದರೆ ಡ್ರೈವರ್ ಅದನ್ನು ಕಂಡೇ ಇಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮೈಕು, ಸ್ಪೀಕರ್ ಎರಡೂ ಒಂದೇ ಧ್ವನಿ ಚಿಪ್ಪಿಗೆ ಸೇರಿರುತ್ತಿದ್ದವು. ಈಚಿನ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಜಿಟಲ್ ಮೈಕುಗಳು ನೇರವಾಗಿ ಪ್ರೊಸೆಸರ್ ಜೊತೆಗಿರುವ, ಧ್ವನಿ ಸಂಕೇತ ಸಂಸ್ಕರಿಸುವ ಡಿಎಸ್‌ಪಿಗೆ ಹೋಗುತ್ತವೆ. ಆ ಡಿಎಸ್‌ಪಿಗೆ ‘ಸೌಂಡ್ ಓಪನ್ ಫರ್ಮ್‌ವೇರ್’ ಎಂಬ ಪುಟ್ಟ ತಂತ್ರಾಂಶ ಬೇಕು, ಅದಿಲ್ಲದಿದ್ದರೆ ಮೈಕ್ ಹುಟ್ಟುವುದೇ ಇಲ್ಲ.

ಪ್ಯಾಕೇಜಿನ ಹೆಸರು ಒಂದೊಂದು ಕಡೆ ಒಂದೊಂದು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’, ಫೆಡೋರಾದಲ್ಲಿ ‘ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್’, ಆರ್ಚ್ ಲಿನಕ್ಸಿನಲ್ಲಿ ‘ಎಸ್‌ಒಎಫ್-ಫರ್ಮ್‌ವೇರ್’. ಡೆಬಿಯನ್‌ನಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ವಿಭಾಗ ಸೇರಿಸಿರಬೇಕು. 2023ರ ಡೆಬಿಯನ್ 12ರಿಂದೀಚೆಗೆ ಇನ್‌ಸ್ಟಾಲರ್‌ನಲ್ಲೇ ಅದು ಬರುತ್ತದೆ. ಹಾಕಿದ ಮೇಲೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ.

ಇಲ್ಲೊಂದು ಹಳೆಯ ‘ಮದ್ದು’ ಇನ್ನೂ ಸುತ್ತಾಡುತ್ತಿದೆ: ಕರ್ನಲ್‌ಗೆ ‘ಡಿಎಸ್‌ಪಿ_ಡ್ರೈವರ್=1’ ಎಂಬ ಆಯ್ಕೆ ಕೊಡಿ ಎಂಬುದು. ಅದು ಡಿಎಸ್‌ಪಿಯನ್ನು ಬದಿಗೊತ್ತಿ ಹಳೆಯ ಡ್ರೈವರನ್ನು ಕೂರಿಸುತ್ತದೆ. ಸ್ಪೀಕರ್ ಬರುತ್ತದೆ, ಡಿಎಸ್‌ಪಿಗೆ ಕಟ್ಟಿಕೊಂಡ ಮೈಕ್ ಹೋಗುತ್ತದೆ. ಯಾವತ್ತೋ ಇದನ್ನು ಹಾಕಿ ಮರೆತಿದ್ದರೆ, ‘ಇಟಿಸಿ’ ಒಳಗಿನ ‘ಮೋಡ್‌ಪ್ರೋಬ್.ಡಿ’ ಫೋಲ್ಡರಿನಲ್ಲಿ ಆ ಸಾಲು ಹುಡುಕಿ ತೆಗೆಯಿರಿ.

ಎಎಂಡಿ ರೈಜನ್ 6000 ಸರಣಿಯಿಂದೀಚಿನ ಕೆಲವು ಲ್ಯಾಪ್‌ಟಾಪ್‌ಗಳ ಕಥೆ ಬೇರೆ. ಯಾವ ಮಾದರಿಯಲ್ಲಿ ಡಿಜಿಟಲ್ ಮೈಕ್ ಇದೆ ಎಂಬ ಪಟ್ಟಿಯನ್ನು ಕರ್ನಲ್ ತನ್ನೊಳಗೇ ಇಟ್ಟುಕೊಂಡಿದೆ, ನಿಮ್ಮ ಮಾದರಿ ಅದರಲ್ಲಿಲ್ಲದಿದ್ದರೆ ಮೈಕ್ ಕಾಣುವುದಿಲ್ಲ. ಹೊಸ ಕರ್ನಲ್‌ಗಳು ಬಂದಂತೆ ಪಟ್ಟಿ ಬೆಳೆಯುತ್ತದೆ. ಹಾಗಾಗಿ ಇಲ್ಲಿ ಕರ್ನಲ್ ನವೀಕರಿಸುವುದೇ ಸರಿಯಾದ ದಾರಿ. ಅಲ್ಲಿಯವರೆಗೆ ಯುಎಸ್‌ಬಿ ಹೆಡ್‌ಸೆಟ್ ಬಳಸಿ, ಅದಕ್ಕೆ ಸಾಮಾನ್ಯವಾಗಿ ಯಾವ ಡ್ರೈವರೂ ಹಾಕಬೇಕಿಲ್ಲ.

ಮೀಟರಿನಲ್ಲಿ ಪಟ್ಟಿ ಕುಣಿಯುತ್ತಿದೆ, ರೆಕಾರ್ಡಿಂಗೂ ಕೇಳುತ್ತದೆ, ಆದರೂ ಕಾಲ್‌ನಲ್ಲಿ ನನ್ನ ದನಿ ಇಲ್ಲ ಅಥವಾ ಪಿಸುಮಾತಿನಷ್ಟು. ಮೈಕ್ ಸರಿಯಾಗಿ ಆರಿಸಿದ್ದೇನೆ, ಅನುಮತಿಯೂ ಇದೆ.

ಇದು ತಲೆಕೆಡಿಸುವಂಥ ದೋಷ, ಕಾರಣ ಮಾತ್ರ ಸರಳ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಒಂದೇ ಮೈಕ್. ಅದರ ಸಂಕೇತವನ್ನು ಎಡ ಚಾನೆಲ್‌ಗೆ ನೆಟ್ಟಗೆ, ಬಲ ಚಾನೆಲ್‌ಗೆ ತಲೆಕೆಳಗಾಗಿ ಕಳಿಸಿರುತ್ತಾರೆ. ಎಡದಲ್ಲಿ +5 ಇದ್ದ ಗಳಿಗೆಯಲ್ಲೇ ಬಲದಲ್ಲಿ −5. ಎರಡು ಕಿವಿಯಲ್ಲಿ ಬೇರೆ ಬೇರೆ ಕೇಳುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಕಾಲ್‌ಗಾಗಿ ಬ್ರೌಸರ್ ಎರಡನ್ನೂ ಕೂಡಿಸಿ ಮೋನೋ ಮಾಡುತ್ತದೆ. +5ಕ್ಕೆ −5 ಕೂಡಿಸಿದರೆ ಸೊನ್ನೆ. ನಿಮ್ಮ ದನಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಖಚಿತಪಡಿಸಿಕೊಳ್ಳಲು ಸ್ಟೀರಿಯೋ ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದು, ಅಲೆಗಳು ಒಂದೊಂದಾಗಿ ಕಾಣುವಷ್ಟು ಹಿಗ್ಗಿಸಿ. ಮೇಲಿನ ಸಾಲಿನಲ್ಲಿ ಏರು ಇದ್ದಲ್ಲೆಲ್ಲ ಕೆಳಗಿನದರಲ್ಲಿ ಇಳಿವಿದ್ದರೆ, ಕೆರೆಯ ನೀರಿನಲ್ಲಿ ಬೆಟ್ಟ ಕಂಡ ಹಾಗೆ, ಇದೇ ದೋಷ.

ಪರಿಹಾರಕ್ಕೆ ವಾಲ್ಯೂಮ್ ಕಂಟ್ರೋಲಿನ ‘ಇನ್‌ಪುಟ್ ಡಿವೈಸಸ್’ ಟ್ಯಾಬಿಗೆ ಹೋಗಿ. ಮೈಕಿನ ಸಾಲಿನಲ್ಲಿ ಬೀಗದ ಗುರುತಿದೆ, ಅದು ಎಡ ಬಲಗಳನ್ನು ಒಟ್ಟಿಗೆ ಕಟ್ಟಿಹಾಕಿರುತ್ತದೆ. ಒತ್ತಿ ಬಿಡಿಸಿ, ಬಲ ಚಾನೆಲ್ಲನ್ನು ಪೂರ್ತಿ ಸೊನ್ನೆಗೆ ಇಳಿಸಿ. ಎರಡರ ಸರಾಸರಿ ತೆಗೆಯುವಾಗ ದನಿ ಅರ್ಧಕ್ಕೆ, ಎಂದರೆ 6 ಡೆಸಿಬಲ್, ಇಳಿಯುವುದರಿಂದ ಎಡವನ್ನು ಸ್ವಲ್ಪ ಏರಿಸಿಕೊಳ್ಳಿ. ಕೆಲವೊಮ್ಮೆ ಬ್ರೌಸರ್ ತಾನಾಗಿ ವಾಲ್ಯೂಮ್ ಬದಲಿಸಿ ಎರಡನ್ನೂ ಮತ್ತೆ ಸಮ ಮಾಡಿಬಿಡುತ್ತದೆ. ಆಗ ಧ್ವನಿ ಸರ್ವರಿನ ‘ಮಾಡ್ಯೂಲ್-ರೀಮ್ಯಾಪ್-ಸೋರ್ಸ್’ ಬಳಸಿ, ಎಡ ಚಾನೆಲ್ಲನ್ನು ಮಾತ್ರ ತೆಗೆದುಕೊಳ್ಳುವ ಒಂದು ಕೃತಕ ಮೋನೋ ಮೈಕ್ ಮಾಡಿ ಅದನ್ನೇ ಆರಿಸಬೇಕು. ಈ ಪರಿಹಾರ ಹೆಚ್ಚು ಗಟ್ಟಿ.

ಮೊಬೈಲಿನ ಇಯರ್‌ಫೋನ್ ಚುಚ್ಚಿದರೆ ಹಾಡು ಕೇಳುತ್ತದೆ, ಮೈಕ್ ಬರುವುದಿಲ್ಲ.

ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಎರಡಿದ್ದರೆ ಮೂರು ಸಂಪರ್ಕ, ಅದು ಬರೀ ಹೆಡ್‌ಫೋನ್. ಮೂರಿದ್ದರೆ ನಾಲ್ಕು ಸಂಪರ್ಕ, ಮೈಕ್ ಇರಬೇಕು. ನಾಲ್ಕು ಸಂಪರ್ಕದಲ್ಲೂ ಎರಡು ಜಾತಿ. ಈಗ ಎಲ್ಲೆಡೆ ಇರುವ ಸಿಟಿಐಎ ಪದ್ಧತಿಯಲ್ಲಿ ತುದಿಯಿಂದ ಕ್ರಮವಾಗಿ ಎಡ, ಬಲ, ಗ್ರೌಂಡ್, ಮೈಕ್. ಹಳೆಯ ಒಎಂಟಿಪಿಯಲ್ಲಿ ಕೊನೆಯ ಎರಡು ಅದಲುಬದಲು, ಅದಕ್ಕೆ ಅಗ್ಗದ ಅಡಾಪ್ಟರ್ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗೂ ಮೈಕಿಗೂ ಬೇರೆ ಬೇರೆ ತೂತಿದ್ದರೆ ವೈ ಆಕಾರದ ಸ್ಪ್ಲಿಟರ್ ಬೇಕು. ಕೊಳ್ಳುವಾಗ ಒಂದು ತೂತು, ಎರಡು ಪಿನ್ ಇರುವುದನ್ನು ಕೇಳಿ. ಇಬ್ಬರು ಹಾಡು ಕೇಳಲು ಮಾಡಿದ ಸ್ಪ್ಲಿಟರಿನಿಂದ ಉಪಯೋಗವಿಲ್ಲ.

ತೂತು ಒಂದೇ ಇದ್ದೂ ಮೈಕ್ ಬರದಿದ್ದರೆ, ಚುಚ್ಚಿದ್ದು ಹೆಡ್‌ಸೆಟ್ ಎಂದು ಡ್ರೈವರಿಗೆ ತಿಳಿದಿಲ್ಲ. ಉಬುಂಟುವಿನಲ್ಲಿ ಚುಚ್ಚಿದ ಕೂಡಲೆ ಏನು ಚುಚ್ಚಿದಿರಿ ಎಂದು ಕೇಳುವ ಕಿಟಕಿ ಬಂದರೆ ‘ಹೆಡ್‌ಸೆಟ್’ ಆರಿಸಿ. ಬಾರದಿದ್ದರೆ ‘ಇನ್‌ಪುಟ್ ಡಿವೈಸಸ್’ನಲ್ಲಿ ‘ಪೋರ್ಟ್’ ಪಟ್ಟಿ ತೆರೆದು ಹೆಡ್‌ಸೆಟ್ ಮೈಕ್ರೊಫೋನ್ ಆರಿಸಿ, ಪಕ್ಕದಲ್ಲಿ ‘ಅನ್‌ಪ್ಲಗ್ಡ್’ ಎಂದಿದ್ದರೂ ಒಮ್ಮೆ ಪ್ರಯತ್ನಿಸಿ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಎಲ್ಲರ ದನಿ ಹಳೇ ಟೆಲಿಫೋನಿನಂತಾಗುತ್ತದೆ.

ಕೆಟ್ಟಿಲ್ಲ, ಅದರ ರಚನೆಯೇ ಹಾಗೆ. ಹಾಡಿಗೆ ಬಳಸುವ ಎ2ಡಿಪಿ ಪ್ರೊಫೈಲಿನಲ್ಲಿ ಮೈಕಿಗೆ ದಾರಿಯಿಲ್ಲ. ಮೈಕ್ ಬೇಕೆಂದರೆ ಕಾಲ್‌ಗೆ ಬಳಸುವ ಎಚ್‌ಎಫ್‌ಪಿ ಅಥವಾ ಎಚ್‌ಎಸ್‌ಪಿ ಪ್ರೊಫೈಲಿಗೆ ಇಳಿಯಬೇಕು. ಅಲ್ಲಿ ದನಿಯನ್ನು ಕುಗ್ಗಿಸಿ ಕಳಿಸುವ ಕೋಡೆಕ್ ಸಿವಿಎಸ್‌ಡಿ ಆದರೆ 8 ಕಿಲೋಹರ್ಟ್ಜ್, ಎಂಎಸ್‌ಬಿಸಿ ಆದರೆ 16 ಕಿಲೋಹರ್ಟ್ಜ್ ಮಾದರಿ ದರ. ವಾಲ್ಯೂಮ್ ಕಂಟ್ರೋಲಿನ ‘ಕಾನ್ಫಿಗರೇಷನ್’ ಟ್ಯಾಬಿನಲ್ಲಿ ಎಂಎಸ್‌ಬಿಸಿ ಇರುವ ಸಾಲು ಕಂಡರೆ ಅದನ್ನೇ ಆರಿಸಿ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಕೇಳಲು ಬ್ಲೂಟೂತ್, ಮಾತಾಡಲು ಲ್ಯಾಪ್‌ಟಾಪಿನ ಮೈಕ್. ಹೆಡ್‌ಸೆಟ್ಟನ್ನು ಎ2ಡಿಪಿಯಲ್ಲೇ ಬಿಟ್ಟು, ಇನ್‌ಪುಟ್ ಆಗಿ ಒಳಗಿನ ಮೈಕನ್ನು ಆರಿಸಿ.

ದನಿ ತೀರಾ ಕಡಿಮೆ. ಬೂಸ್ಟ್ ಪೂರ್ತಿ ಏರಿಸಲೇ?

ಪೂರ್ತಿ ಬೇಡ. ಆಲ್ಸಾಮಿಕ್ಸರ್‌ನ ‘ಮೈಕ್ ಬೂಸ್ಟ್’ ಸಾಮಾನ್ಯವಾಗಿ 0, 10, 20, 30 ಡೆಸಿಬಲ್ ಎಂಬ ನಾಲ್ಕು ಮೆಟ್ಟಿಲಲ್ಲಿ ಏರುತ್ತದೆ. 20 ಎಂದರೆ ಸಂಕೇತ 10 ಪಟ್ಟು, 30 ಎಂದರೆ ಸುಮಾರು 32 ಪಟ್ಟು. ನಿಮ್ಮ ದನಿಯ ಜೊತೆ ಫ್ಯಾನಿನ ಗಾಳಿ, ಮಿಕ್ಸಿ, ರಸ್ತೆಯ ಹಾರ್ನ್ ಎಲ್ಲವೂ ಅಷ್ಟೇ ಪಟ್ಟು ಏರುತ್ತವೆ. ಬೂಸ್ಟ್ 10ರಲ್ಲಿಟ್ಟು ಕ್ಯಾಪ್ಚರ್ ಏರಿಸಿ, ಸಾಲದಿದ್ದರೆ ಮಾತ್ರ 20ಕ್ಕೆ ಹೋಗಿ. ಜೋರಾಗಿ ಮಾತಾಡಿದಾಗ ದನಿ ಒಡೆದಂತೆ ಕೇಳಿದರೆ ಒಂದು ಮೆಟ್ಟಿಲು ಇಳಿಸಿ.

ನಾನು ಇಟ್ಟ ಮಟ್ಟ ಕಾಲ್ ಮಧ್ಯೆ ತಾನಾಗಿಯೇ ಇಳಿಯುತ್ತದೆ.

ಕಾಲ್ ನಡೆಸುವ ತಂತ್ರಾಂಶದ ‘ಆಟೋಮ್ಯಾಟಿಕ್ ಗೇನ್’ ಸೌಲಭ್ಯದ ಕೆಲಸ. ಜ಼ೂಮ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ, ಮೈಕಿನ ಮಟ್ಟವನ್ನು ತಾನಾಗಿ ಹೊಂದಿಸುವ ಆಯ್ಕೆಯ ಟಿಕ್ ತೆಗೆಯಿರಿ.

ಆ ಕಡೆಯವರಿಗೆ ಅವರದೇ ಮಾತು ಮತ್ತೆ ಕೇಳುತ್ತದಂತೆ.

ಮೊದಲು ಇನ್‌ಪುಟ್ ಆಗಿ ‘ಮಾನಿಟರ್ ಆಫ್’ ಎಂದು ಶುರುವಾಗುವ ಸಾಧನ ಆಯ್ಕೆಯಾಗಿದೆಯೇ ನೋಡಿ. ಅದು ಮೈಕಲ್ಲ, ಸ್ಪೀಕರಿಗೆ ಹೋಗುವ ದನಿಯ ಪ್ರತಿ. ಅದನ್ನು ಆರಿಸಿದರೆ ಅವರ ಮಾತು ಅವರಿಗೇ ಹೋಗುತ್ತದೆ, ನಿಮ್ಮದು ಹೋಗುವುದೇ ಇಲ್ಲ. ಅದಲ್ಲವಾದರೆ ಸ್ಪೀಕರಿನ ಸದ್ದು ಮೈಕಿಗೆ ಬೀಳುತ್ತಿದೆ. ಪ್ರತಿಧ್ವನಿ ತಡೆಯುವ ಮಾಡ್ಯೂಲ್‌ಗಳು ಲಿನಕ್ಸಿನಲ್ಲೂ ಇವೆ, ಆದರೆ ಬ್ರೌಸರ್ ಆ ಕೆಲಸವನ್ನು ತಾನೇ ಮಾಡುತ್ತಿರುವಾಗ ಇನ್ನೊಂದು ಸೇರಿಸಿದರೆ ದನಿ ಕೆಡುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ, ಮುಗಿಯಿತು.

ಹಿಂದೆ ‘ಗುಂಯ್’ ಅನ್ನುವ ಸದ್ದು ಬರುತ್ತದೆ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಸದ್ದು ನಿಂತರೆ ಅದು ನಮ್ಮ 50 ಹರ್ಟ್ಜ್ ವಿದ್ಯುತ್ತಿನದು. ಸಾಕೆಟ್ಟಿನ ಮೂರನೇ ತೂತಿಗೆ ಅರ್ತಿಂಗ್ ನಿಜವಾಗಿ ಕೊಟ್ಟಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಬೇಡಿ. ಕರೆಂಟ್ ಹೋಗಿ ಇನ್‌ವರ್ಟರ್ ಹತ್ತಿದಾಗ ಮಾತ್ರ ಸದ್ದು ಬಂದರೆ, ಸ್ಕ್ವೇರ್ ವೇವ್ ಇನ್‌ವರ್ಟರ್ ಇರಬೇಕು. ಆ ಹೊತ್ತಿನ ಕಾಲ್‌ಗಳನ್ನು ಬ್ಯಾಟರಿಯಲ್ಲೇ ಮುಗಿಸಿ. ಸೀಲಿಂಗ್ ಫ್ಯಾನಿನ ‘ಭುಸ್’ ಸದ್ದಿಗೆ ಈಸಿಎಫೆಕ್ಟ್ಸ್ ಅಥವಾ ನಾಯ್ಸ್‌ಟಾರ್ಚ್ ಎಂಬ ತಂತ್ರಾಂಶ ಒಳ್ಳೆಯ ಮದ್ದು.

ದನಿ ರೋಬೋಟಿನಂತೆ, ತುಂಡು ತುಂಡಾಗಿ ಹೋಗುತ್ತದಂತೆ.

ಐದು ಸೆಕೆಂಡಿನ ರೆಕಾರ್ಡಿಂಗ್ ಸ್ವಚ್ಛವಾಗಿದ್ದರೆ ಮೈಕನ್ನು ಬಿಟ್ಟುಬಿಡಿ, ಇದು ನೆಟ್‌ವರ್ಕ್. ಕ್ರೋಮ್‌ನಲ್ಲಿ ‘ಕ್ರೋಮ್://ವೆಬ್‌ಆರ್‌ಟಿಸಿ-ಇಂಟರ್ನಲ್ಸ್’, ಫೈರ್‌ಫಾಕ್ಸ್‌ನಲ್ಲಿ ‘ಅಬೌಟ್:ವೆಬ್‌ಆರ್‌ಟಿಸಿ’ ಪುಟ ತೆರೆದರೆ ಎಷ್ಟು ಪ್ಯಾಕೆಟ್ ಕಳೆದುಹೋಗುತ್ತಿವೆ ಎಂದು ಕಾಣುತ್ತದೆ. ಮಾತಿಗೆ ಬೇಕಾದ ಡೇಟಾ ಬಹಳ ಕಡಿಮೆ. ವಿಡಿಯೋ ಆಫ್ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ನಿನ್ನೆವರೆಗೂ ಸರಿಯಿತ್ತು. ಮುಚ್ಚಿಟ್ಟು ತೆರೆದ ಮೇಲೆ, ಅಥವಾ ಅಪ್‌ಡೇಟ್ ಆದ ಮೇಲೆ ಮೈಕ್ ಹೋಯಿತು.

ಧ್ವನಿ ಸರ್ವರನ್ನು ಎಬ್ಬಿಸಿ ಕೂರಿಸಿ:

ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ವೈರ್‌ಪ್ಲಂಬರ್

ಇದಕ್ಕೆ ಸುಡೋ ಹಾಕಬಾರದು, ಸರ್ವರ್ ನಡೆಯುವುದು ನಿಮ್ಮ ಹೆಸರಿನಲ್ಲಿ, ಯಂತ್ರದ ಮೇಲ್ವಿಚಾರಕ ಖಾತೆಯಾದ ರೂಟ್ ಹೆಸರಿನಲ್ಲಲ್ಲ. ಹಳೆಯ ಪಲ್ಸ್‌ಆಡಿಯೋ ಆದರೆ ‘ಪಲ್ಸ್‌ಆಡಿಯೋ -ಕೆ’ ಸಾಕು. ಯಾವುದಿದೆ ಎಂದು ತಿಳಿಯಲು ‘ಪಿಎಸಿಟಿಎಲ್ ಇನ್‌ಫೋ’ ಕೊಟ್ಟು ಸರ್ವರಿನ ಹೆಸರಿನ ಸಾಲು ಓದಿ. ಫೆಡೋರಾ 2021ರ 34ನೇ ಆವೃತ್ತಿಯಲ್ಲಿ, ಉಬುಂಟು 22.10ರಲ್ಲಿ, ಮಿಂಟ್ 2024ರ 22ನೇ ಆವೃತ್ತಿಯಲ್ಲಿ ಪೈಪ್‌ವೈರ್‌ಗೆ ಬದಲಾದವು.

ಕರ್ನಲ್ ಅಪ್‌ಡೇಟ್ ಆದ ಮೇಲೆ ಹೋಗಿದ್ದರೆ ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್’ ಸಾಲಿನಿಂದ ಹಿಂದಿನ ಕರ್ನಲ್‌ಗೆ ಬೂಟ್ ಮಾಡಿ ನೋಡಿ. ವಿಂಡೋಸ್ ಕೂಡ ಇರುವ ಲ್ಯಾಪ್‌ಟಾಪಿನಲ್ಲಿ ಅದರಿಂದ ನೇರವಾಗಿ ರೀಸ್ಟಾರ್ಟ್ ಮಾಡಿ ಬಂದಾಗ ಧ್ವನಿ ಚಿಪ್ ಕೆಲವೊಮ್ಮೆ ಹಳೆಯ ಸ್ಥಿತಿಯಲ್ಲೇ ಉಳಿದಿರುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಕೊಟ್ಟು, ಅರ್ಧ ನಿಮಿಷ ಬಿಟ್ಟು ಲಿನಕ್ಸಿಗೆ ಬನ್ನಿ.

ನನ್ನನ್ನು ‘ಆಡಿಯೋ’ ಗುಂಪಿಗೆ ಸೇರಿಸಿಕೊಳ್ಳಬೇಕೇ?

ಬೇಡ. ಆ ಸಲಹೆಯ ಕಾಲ ಮುಗಿದಿದೆ. ಲಾಗಿನ್ ಆದವರಿಗೆ ಧ್ವನಿ ಸಾಧನದ ಹಕ್ಕು ತಾನಾಗಿ ಸಿಗುತ್ತದೆ.

ಏನು ಮಾಡಿದರೂ ಆಗಲಿಲ್ಲ. ಬೇರೆಯವರ ಸಹಾಯ ಕೇಳುವಾಗ ಏನೇನು ಕೊಡಬೇಕು?

ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಹೆಸರು, ಲಿನಕ್ಸಿನ ಹೆಸರು ಮತ್ತು ಆವೃತ್ತಿ, ‘ಯುನೇಮ್ -ಆರ್’ ತೋರಿಸುವ ಕರ್ನಲ್ ಸಂಖ್ಯೆ, ‘ಎರೆಕಾರ್ಡ್ -ಎಲ್’ ಕೊಟ್ಟಾಗ ಬಂದ ಸಾಲುಗಳು, ಐದು ಸೆಕೆಂಡಿನ ಪರೀಕ್ಷೆಯಲ್ಲಿ ಏನು ಕೇಳಿತು ಎಂಬುದು. ಇಷ್ಟಿದ್ದರೆ ಬಲ್ಲವರು ಮೊದಲ ಉತ್ತರದಲ್ಲೇ ದಾರಿ ತೋರಿಸಬಲ್ಲರು. ಬರೀ ‘ಮೈಕ್ ವರ್ಕ್ ಆಗ್ತಿಲ್ಲ’ ಎಂದರೆ ಇದನ್ನೆಲ್ಲ ಕೇಳುವುದರಲ್ಲೇ ಎರಡು ದಿನ ಹೋಗುತ್ತದೆ. ಪೂರ್ತಿ ವಿವರ ಬೇಕೆಂದರೆ ‘ಆಲ್ಸಾ-ಇನ್‌ಫೋ’ ಎಂಬ ಸ್ಕ್ರಿಪ್ಟ್ ಓಡಿಸಿ. ಮಾಹಿತಿಯನ್ನು ಸಾರ್ವಜನಿಕ ಸರ್ವರಿಗೆ ಏರಿಸಲೇ ಎಂದು ಅದು ಕೇಳುತ್ತದೆ. ಹಾಗೆ ಏರದೆ ನಿಮ್ಮ ಯಂತ್ರದಲ್ಲೇ ಉಳಿಯಬೇಕಾದರೆ ಕೊನೆಗೆ ‘--ನೋ-ಅಪ್‌ಲೋಡ್’ ಸೇರಿಸಿ ಓಡಿಸಿ, ಫೈಲನ್ನು ಒಮ್ಮೆ ಓದಿ ನೋಡಿ ಆಮೇಲೆ ಕಳಿಸಿ.